ಹಪ್ಪಳ ತಿನ್ನುವ ನರಿ

"ಹುಲಿ ಇಲ್ಲದ ಮೋಗ್ಲಿ ನಾಟಕವಾ? ಅದರ ಬದಲು ಮಕ್ಕಳಿಗೆ ರಜೆ ಕೊಟ್ಟು ಮನೆಗೆ ಕಳಿಸಿ ಮಾರಾಯ್ರೇ." ತೋಳಗಳ ನಡುವೆ ಬೆಳೆದ ಹುಡುಗ ಮೋಗ್ಲಿಯ ಕಥೆಯನ್ನು, ಹುಲಿ ಶೇರ್ ಖಾನ್ ರಂಗಕ್ಕೆ ಬಾರದ ಹಾಗೆ, ನರಿಯನ್ನು ಮುಂದಿಟ್ಟು ಆಡಿಸೋಣ ಎಂದಿದ್ದಕ್ಕೆ ಬೇಸಿಗೆ ಶಿಬಿರದ ಮೊದಲ ಮೀಟಿಂಗಿನಲ್ಲೇ ನನಗೆ ಸಿಕ್ಕ ಉತ್ತರ ಇದು. ಹೇಳಿದವರು ಹಿರಿಯರು, ನನಗಿಂತ ಜಾಸ್ತಿ ನಾಟಕ ನೋಡಿದವರು. ಎದುರು ಮಾತಾಡಲಿಲ್ಲ. ಆ ನಾಟಕ ಈಗ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಒಂಬತ್ತೋ ಹತ್ತೋ ಪ್ರದರ್ಶನ ಕಂಡಿದೆ. ಒಂದರಲ್ಲೂ ಹುಲಿ ರಂಗದ ಮೇಲೆ ಬಂದಿಲ್ಲ. ದುಡ್ಡು ವಾಪಸ್ ಕೊಡಿ ಎಂದು ಯಾರೂ ಕೇಳಿಲ್ಲ. ನಾವು ಟಿಕೆಟ್ ಇಟ್ಟಿರಲಿಲ್ಲ, ಅದು ಬೇರೆ ಮಾತು.

ಹುಲಿಯನ್ನು ಕೈಬಿಟ್ಟಿದ್ದು ಕಲೆಗಾಗಿ ಅಂತ ಹೇಳಿಕೊಂಡರೆ ಸುಳ್ಳಾಗುತ್ತದೆ. ಖರ್ಚಿಗೆ ಹೆದರಿ ಬಿಟ್ಟಿದ್ದು. ಮೊದಲ ಸಲ ಈ ಕಥೆ ಎತ್ತಿಕೊಂಡಾಗ ಶಿವಮೊಗ್ಗದಿಂದ ಹುಲಿ ಡ್ರೆಸ್ ಬಾಡಿಗೆಗೆ ತಂದಿದ್ದೆ. ಬಾಡಿಗೆ 1,800, ಡೆಪಾಸಿಟ್ 2,000. ಒಳಗೆ ಸ್ಪಂಜು, ಹೊರಗೆ ನೈಲಾನು. ಮೇ ತಿಂಗಳ ಸೆಕೆಯಲ್ಲಿ ಏಳನೇ ಕ್ಲಾಸಿನ ಹುಡುಗ ಪಾಪ 20 ನಿಮಿಷ ಅದರೊಳಗಿದ್ದ. ಎರಡನೇ ದೃಶ್ಯದಲ್ಲಿ "ಸಾರ್, ಕಣ್ಣು ಕತ್ತಲೆ ಬರ್ತಿದೆ" ಅಂತ ಹುಲಿ ಹೇಳಿದ್ದು ಮೂರನೇ ಸಾಲಿನವರೆಗೂ ಕೇಳಿತು. ಕೊನೆಗೆ ಬಾಲ ಹರಿದಿದೆ ಎಂದು ಡೆಪಾಸಿಟ್ಟಿನಲ್ಲಿ 700 ರೂಪಾಯಿ ಹಿಡಿದುಕೊಂಡರು. ಆ ಬಾಲ ತರುವಾಗಲೇ ಹರಿದಿತ್ತು ಅನ್ನುವುದು ಈಗಲೂ ನನ್ನ ವಾದ.

ಮುಂದಿನ ವರ್ಷ ಬಿದಿರಿನ ಹುಲಿ. ಇಬ್ಬರು ಹೊರುವಂಥದ್ದು, ಏಳಡಿ ಉದ್ದ. ಬಿದಿರು, ಪೇಪರು, ಮೈದಾ ಅಂಟು, ಬಣ್ಣ, ಕೂಲಿ ಎಲ್ಲ ಸೇರಿ ಆರೂವರೆ ಸಾವಿರ ಹೋಯಿತು. ನೋಡೋಕೆ ಚಂದ ಇತ್ತು, ನಾನೇ ಹೇಳಬೇಕು. ಪ್ರದರ್ಶನದ ದಿನ ಸಂಜೆ ಐದಕ್ಕೆ ಮಳೆ. ಮೈದಾ ಅಂಟು ನಮ್ಮ ಕಡೆಯ ಮಳೆಗೆ ಎಷ್ಟು ಹೊತ್ತು ತಡೆಯುತ್ತದೆ ಅಂತ ನಿಮಗೆ ಗೊತ್ತೇ ಇದೆ. ಮೋಗ್ಲಿ ಬೆಂಕಿ ಹಿಡಿದು ಎದುರು ನಿಲ್ಲುವ ಮೊದಲೇ ಹುಲಿಯ ತಲೆ ಕಳಚಿ ಬಿತ್ತು. ಹಿಂದಿನ ಕಾಲಿನ ಹುಡುಗನಿಗೆ ಇದು ಗೊತ್ತಿಲ್ಲ. ಅವನು ತಲೆಯಿಲ್ಲದ ಹುಲಿಯನ್ನು ತಳ್ಳಿಕೊಂಡು ಮುಂದೆ ಹೋಗುತ್ತಲೇ ಇದ್ದ. ನಕ್ಕವರಲ್ಲಿ ನನ್ನ ಹೆಂಡತಿಯೂ ಇದ್ದಳು.

ಎರಡೂ ಸಲ ಒಂದು ವಿಷಯ ಕಂಡಿತು. ಹುಲಿ ಬಂದ ಕೂಡಲೇ ಹೆದರಿಕೆ ಹೋಗುತ್ತದೆ. ಬರುವ ತನಕ ಮಕ್ಕಳು ಉಸಿರು ಹಿಡಿದಿರುತ್ತಾರೆ. ಬಂದ ಮೇಲೆ "ಏ, ಅದು ನಮ್ಮ ಕ್ಲಾಸಿನವ್ನು" ಅಂತ ಶುರು. ಇನ್ನು ಅರ್ಧ ಮಕ್ಕಳು ತ್ಯಾವರೆಕೊಪ್ಪದ ಸಫಾರಿಗೆ ಹೋಗಿ ನಿಜವಾದ ಹುಲಿಯನ್ನೇ ನೋಡಿ ಬಂದವರು. ಅಲ್ಲಿ ಅದು ನೆರಳಲ್ಲಿ ಮಲಗಿ ಬಾಲ ಆಡಿಸುತ್ತಿತ್ತಂತೆ. ಅದಕ್ಕೂ ಮೇಲೆ ಗೋವಿನ ಹಾಡಿನ ಅರ್ಬುತ ಬೇರೆ. ನಮ್ಮ ಮಕ್ಕಳ ಲೆಕ್ಕದಲ್ಲಿ ಹುಲಿ ಅಂದರೆ ಕೊನೆಗೆ ಪಶ್ಚಾತ್ತಾಪ ಪಟ್ಟು ಪ್ರಾಣ ಬಿಡುವ ಪ್ರಾಣಿ. "ಶೇರ್ ಖಾನ್ ಯಾವಾಗ ಗುಡ್ಡದಿಂದ ಹಾರ್ತಾನೆ ಸಾರ್?" ಎಂದು ಒಬ್ಬಳು ಕೇಳಿದಳು. ಅವನು ಹಾರಲ್ಲಮ್ಮ, ಎಮ್ಮೆ ತುಳಿದು ಸಾಯ್ತಾನೆ ಅಂದೆ. ಅವಳಿಗೆ ಬೇಜಾರಾಯಿತು.

ಆಮೇಲೆ ಮಳೆಗಾಲದಲ್ಲಿ ಕೂತು ಕಿಪ್ಲಿಂಗನ ಮೂಲ ಕಥೆಯನ್ನೇ ಓದಿದೆ. 1894ರ ಪುಸ್ತಕ, 'ಜಂಗಲ್ ಬುಕ್'. ನಮ್ಮಲ್ಲಿ ಹೆಚ್ಚಿನವರು ನಾಟಕ ಕಟ್ಟುವುದು ಸಿನಿಮಾ ನೆನಪಿನಿಂದ. 1967ರ ಡಿಸ್ನಿ ಸಿನಿಮಾದಲ್ಲಿ ಆ ನರಿಯೇ ಇಲ್ಲ. ಪುಸ್ತಕದಲ್ಲಿ ಮೊದಲ ಪುಟಗಳಲ್ಲೇ ಇದೆ. ತಬಾಕಿ. ಸಿಯೋನಿ ಗುಡ್ಡದಲ್ಲಿ ಸಂಜೆ ಏಳು ಗಂಟೆ, ತೋಳದ ಗುಹೆ ಬಾಗಿಲಿಗೆ ಬಂದು ಮೂಳೆ ಬೇಡುತ್ತದೆ. ತಟ್ಟೆ ನೆಕ್ಕುವವನು ಅಂತ ಅದಕ್ಕೆ ಹೆಸರು. ನಮ್ಮ ಕಡೆ ಹಳಬರು ಹರಿವಾಣಕ್ಕೆ ತಬಕು ಅನ್ನುತ್ತಾರಲ್ಲ, ಅದೇ ಮೂಲದ ಶಬ್ದ ಇರಬೇಕು. ಮಕ್ಕಳಿಗೆ ಇದನ್ನು ಹೇಳಿದೆ. ಮರುದಿನಕ್ಕೆ ನರಿಯ ಹೆಸರು "ಎಲೆನೆಕ್ಕ" ಎಂದಾಗಿತ್ತು. ಹಾಗೇ ಉಳಿಸಿಕೊಂಡೆ.

ಪುಸ್ತಕದಲ್ಲಿ ಅದು ಕಾಣಿಸಿಕೊಳ್ಳುವುದು ತುಂಬ ಕಮ್ಮಿ. ಮೊದಲು ಗುಹೆಯ ಹತ್ತಿರ: ಶೇರ್ ಖಾನ್ ಈ ಕಡೆ ಬೇಟೆಗೆ ಬರುತ್ತಿದ್ದಾನೆ ಎಂಬ ಸುದ್ದಿ ತರುವುದು ಅದೇ. ಆಮೇಲೆ ಹುಲಿ ಕೂಸು ಮೋಗ್ಲಿಯನ್ನು ಹುಡುಕಿಕೊಂಡು ಗುಹೆ ಬಾಗಿಲಿಗೆ ಬಂದಾಗ ಅದರ ಹಿಂದೆ ನಿಂತು ಕೀಚಲು ದನಿಯಲ್ಲಿ "ಒಡೆಯಾ, ಇಲ್ಲೇ ಒಳಗೆ ಹೋಯ್ತು" ಅನ್ನುತ್ತದೆ. ನಡುವೆ ಒಂದು ಸಲ ಮೋಗ್ಲಿಯ ಹತ್ತಿರ ಕೊಂಕು ಮಾತಾಡಲು ಹೋಗಿ ಪೆಟ್ಟು ತಿನ್ನುತ್ತದೆ. ಮೋಗ್ಲಿ ಅದರ ಬಾಲ ಹಿಡಿದು ಮರಕ್ಕೆ ಎರಡು ಸಲ ಬಡಿಯುತ್ತಾನೆ. ಕರಿಚಿರತೆ ಬಘೀರ ಆಗ ಬೈಯುವುದು ನರಿಯನ್ನಲ್ಲ, ಮೋಗ್ಲಿಯನ್ನು. ಅದು ಚಾಡಿಕೋರನೇ ಇರಬಹುದು, ಆದರೆ ನಿನಗೆ ಬೇಕಾದ ಸುದ್ದಿ ಅದರ ಹತ್ತಿರ ಇತ್ತಲ್ಲ ಮರುಳೇ ಅಂತ. ಕಡೆಗೆ ಅದರ ಸಾವು, ಅದೂ ಬೇರೆಯವರ ಬಾಯಲ್ಲಿ. ಬೂದು ತೋಳ ಬೆಳಗಿನ ಜಾವ ನರಿಯನ್ನು ಹಿಡಿದು, ಬೆನ್ನು ಮುರಿಯುವ ಮೊದಲು ಎಲ್ಲ ಬಾಯಿ ಬಿಡಿಸುತ್ತದೆ. ಹುಲಿ ಸಂಜೆ ಎಲ್ಲಿ ಹೊಂಚು ಹಾಕುತ್ತದೆ, ಈಗ ಯಾವ ಹಳ್ಳದಲ್ಲಿ ಮಲಗಿದೆ, ಎಲ್ಲ. ಆ ಸುದ್ದಿ ಸಿಗದಿದ್ದರೆ ಎಮ್ಮೆ ನುಗ್ಗಿಸುವ ಉಪಾಯವೇ ಇಲ್ಲ.

ಅಂದರೆ ಹುಲಿಯನ್ನು ಕಥೆಯೊಳಗೆ ತರುವುದೂ ನರಿ, ಕಥೆಯಿಂದ ಕಳಿಸುವುದೂ ನರಿ. ನಾನು ಎರಡು ವರ್ಷ ಒಂಬತ್ತು ಸಾವಿರ ಸುರಿದಿದ್ದು ತಪ್ಪು ಪ್ರಾಣಿಗೆ.

ಇದನ್ನು ಮೀಟಿಂಗಿನಲ್ಲಿ ಹೇಳಿದ್ದೇ ತಪ್ಪಾಯಿತು. ನಮ್ಮದು ಹೆಗ್ಗೋಡಿನ ಪಕ್ಕದ ಸೀಮೆ. ನೀನಾಸಂ ನಾಟಕ ಸಂಸ್ಥೆ 1949ರಿಂದ ಇಲ್ಲಿದೆ. ಅಡಿಕೆ ಸುಲಿಯಲು ಬಂದವರೂ ನಾಟಕದ ಲೈಟಿಂಗ್ ಬಗ್ಗೆ ಎರಡು ಮಾತು ಹೇಳುವ ಊರುಗಳು. ಎಲ್ಲರಿಗೂ ಅಭಿಪ್ರಾಯ. ಒಬ್ಬ ಅಪ್ಪ 5,000 ರೂಪಾಯಿ ಕೊಡುತ್ತೇನೆ ಎಂದಿದ್ದರು, ಮಗನಿಗೆ ಹುಲಿ ಪಾರ್ಟು ಸಿಗುತ್ತದೆ ಎಂಬ ಲೆಕ್ಕದಲ್ಲಿ. ಹುಲಿ ಇಲ್ಲ ಎಂದ ಮೇಲೆ ಅವರ ಫೋನೂ ಇಲ್ಲ. ಮಗನನ್ನು ಮಾತ್ರ ಕಳಿಸಿದರು. ಅವನು ಒಳ್ಳೆಯ ಎಮ್ಮೆಯಾದ.

ನರಿ ಯಾರು? ಮೊದಲು ಒಬ್ಬ ಚೂಟಿ ಹುಡುಗನಿಗೆ ಕೊಟ್ಟೆ. ಮಾತು ಪಟಪಟ. ಆದರೆ ಬಾಯಿ ಬಿಟ್ಟರೆ ಸಿನಿಮಾ ವಿಲನ್ ನಗು. ಹುಬ್ಬು ಹಾರಿಸುವುದು, ಕೈ ಉಜ್ಜುವುದು. ನಾಲ್ಕು ದಿನ ಬಿಡಿಸಲು ನೋಡಿದೆ, ಆಗಲಿಲ್ಲ. ಕಳ್ಳನ ಹಾಗೆ ಆಡುವ ನರಿ ಬೇಡ, ಹಸಿದ ನರಿ ಬೇಕು. ಆಗ ಹತ್ತಿರದಲ್ಲೇ ಒಂದು ಮದುವೆ. ಎಂಟು ಮಕ್ಕಳನ್ನು ಕರೆದುಕೊಂಡು ಹೋಗಿ ಕಲ್ಯಾಣ ಮಂಟಪದ ಹಿಂಭಾಗದಲ್ಲಿ ನಿಲ್ಲಿಸಿದೆ, ಎಂಜಲೆಲೆ ಎಸೆಯುವ ಕಡೆ. ನಾಯಿಗಳನ್ನು ನೋಡಿ ಅಂದೆ. ಹುಡುಗರು ಹತ್ತು ನಿಮಿಷಕ್ಕೆ ಐಸ್‌ಕ್ರೀಮ್ ಹುಡುಕಿಕೊಂಡು ಹೋದರು. ಐದನೇ ಕ್ಲಾಸಿನ ಒಬ್ಬಳು ಮಾತ್ರ ಕೂತೇ ಇದ್ದಳು. ವಾಪಸ್ ಬರುವಾಗ ಜೀಪಿನಲ್ಲಿ ಹೇಳಿದಳು: "ಸಾರ್, ನಾಯಿ ತಿನ್ನುವಾಗ ಎಲೆ ನೋಡಲ್ಲ. ಬೇರೆ ನಾಯಿ ಎಲ್ಲಿದೆ ಅಂತ ನೋಡುತ್ತೆ." ನರಿ ಸಿಕ್ಕಿತು.

ಮುಖವಾಡ ಅಡಿಕೆ ಹಾಳೆಯದು. ಪೇಪರ್ ಮುಖವಾಡದ ಸಹವಾಸ ಸಾಕಾಗಿತ್ತು. ಹಾಳೆ ಪುಕ್ಕಟೆ, ತೋಟದಲ್ಲಿ ಬಿದ್ದಿರುತ್ತದೆ. ಮೊದಲ ಐದು ಹಾಳಾದವು. ಅರ್ಧ ದಿನ ನೆನೆಸಿ, ಮಡಚಿ, ಬಿಸಿಲಿಗಿಟ್ಟರೆ ಸಂಜೆಗೆ ಮೂತಿ ಬಿಚ್ಚಿಕೊಂಡು ಮತ್ತೆ ಹಾಳೆಯೇ. ಒದ್ದೆ ಇರುವಾಗಲೇ ದಬ್ಬಣದಲ್ಲಿ ಹೊಲಿದು, ಒಳಗೆ ಮರಳಿನ ಚೀಲ ತುಂಬಿ ನೆರಳಲ್ಲಿ ಒಣಗಿಸಬೇಕು. ಎರಡು ದಿನ ಸಾಕು, ಮೂರಾದರೆ ಬೂಷ್ಟು. ಏಣಿನ ಕಡೆಯ ದಪ್ಪ ಭಾಗ ಮೂತಿಗೆ, ತುದಿಯ ತೆಳು ಭಾಗ ಕಿವಿಗೆ. ಕಿವಿ ಹಿಂದಕ್ಕೆ ಮಡಚಿ ಮತ್ತೆ ನಿಲ್ಲುತ್ತದಲ್ಲ, ಅದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಹುಡುಗಿಯ ದವಡೆ ನೋಡಿ ಅಂತ ಮಾತ್ರ ಹೇಳುತ್ತೇನೆ. ಉಳಿದದ್ದು ನನ್ನ ಹತ್ತಿರವೇ ಇರಲಿ.

ಬಣ್ಣಕ್ಕೆ ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿ ಉಳಿದ ನೀರು. ನೆರೆಮನೆಯಲ್ಲಿ ಕಳೆದ ಸುಗ್ಗಿಯದು ಒಂದು ಕೊಡ ಉಳಿದಿತ್ತು. ಮೂರು ಕೋಟ್ ಹಚ್ಚಿದರೆ ಥೇಟ್ ಗುಳ್ಳೆನರಿ ಮೈಬಣ್ಣ. ಬೆನ್ನಿಗೆ ಕಪ್ಪು ಬೇಕಿತ್ತು. ಚೊಗರನ್ನು ತುಕ್ಕು ಹಿಡಿದ ಬಾಣಲೆಯಲ್ಲಿ ಹಾಕಿ ರಾತ್ರಿಯಿಡೀ ಬಿಟ್ಟೆ, ಬೆಳಿಗ್ಗೆ ಮಸಿಯಂಥ ಕಪ್ಪು. ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ, ನಾಲಿಗೆಗೆ ಅದೇ. ಖುಷಿಯಲ್ಲಿ ಮಕ್ಕಳ ಕೈಗೇ ಬ್ರಷ್ ಕೊಟ್ಟುಬಿಟ್ಟೆ. ಚೊಗರಿನ ಕಲೆ ಬಟ್ಟೆಗೆ ಬಿದ್ದರೆ ಏನಾಗುತ್ತದೆ ಅಂತ ಮಲೆನಾಡಿನಲ್ಲಿ ಹುಟ್ಟಿದ ನನಗೆ ಯಾಕೆ ಹೊಳೆಯಲಿಲ್ಲವೋ. 11 ಯೂನಿಫಾರಂ ಅಂಗಿ. ಮೂರಕ್ಕೆ ದುಡ್ಡು ಕೊಟ್ಟೆ, ಉಳಿದ ತಾಯಂದಿರು ಬೈದು ಬಿಟ್ಟರು.

ಈಗ ಮುಖ್ಯ ವಿಷಯ, ಹಪ್ಪಳ. ಎಲೆನೆಕ್ಕ ರಂಗಕ್ಕೆ ಬಂದ ಕೂಡಲೇ ಏನಾದರೂ ತಿನ್ನುತ್ತಲೇ ಇರಬೇಕು ಎಂದು ಮೊದಲೇ ಠರಾವು ಮಾಡಿದ್ದೆ. ಬಿಸ್ಕತ್ತು ಕೊಟ್ಟೆ, ಗಂಟಲಲ್ಲಿ ಸಿಕ್ಕಿ ಕೆಮ್ಮು. ಚಕ್ಕುಲಿ ಗಟ್ಟಿ, ಮಾತು ಹೊರಡುವುದಿಲ್ಲ. ಸುಮ್ನೆ ತಿಂದ ಹಾಗೆ ನಟಿಸು ಎಂದರೆ ಅವಳು ಒಪ್ಪಲಿಲ್ಲ. ಆಗ ಊರೆಲ್ಲ ಹಲಸಿನ ಹಪ್ಪಳ ಹಚ್ಚುವ ಸಮಯ. ಅಡುಗೆಯವರು ಒಂದು ಹಪ್ಪಳ ಕರಿದು ಕೊಟ್ಟರು. ಅವಳು ಕಚ್ಚಿದಳು. ಖರ್ರ್ ಅಂತ ಒಂದು ಸದ್ದು. ಅಂಗಳದ ಆ ತುದಿಯಲ್ಲಿ ಮಾತಾಡುತ್ತಿದ್ದವರು ತಿರುಗಿ ನೋಡಿದರು. ಮತ್ತೊಂದು ಸಲ ಖರ್ರ್. ಅಷ್ಟರಲ್ಲಿ ಯಾರೋ ಹಿಂದಿನಿಂದ ಕರೆದರು, ಅವಳು ಅಗಿಯುವುದನ್ನು ನಿಲ್ಲಿಸಿ ಆ ಕಡೆ ಕಣ್ಣು ಹಾಯಿಸಿದಳು. ಸದ್ದು ನಿಂತಿತು. ಎಲ್ಲರೂ ಆ ಕಡೆಯೇ ನೋಡಿದರು, ನಾನೂ ಸೇರಿ.

ಹುಲಿ ಬಂದಿದ್ದು ಅಲ್ಲಿ.

ಅದನ್ನೇ ಕಟ್ಟಿದೆ. ಎಲೆನೆಕ್ಕ ಗುಹೆ ಮುಂದೆ ಕೂತು ಹಪ್ಪಳ ತಿನ್ನುತ್ತಾ ಹುಲಿಯ ಸುದ್ದಿ ಹೇಳುತ್ತದೆ. ಶೇರ್ ಖಾನ್ ಹುಟ್ಟು ಕುಂಟ, ಪುಸ್ತಕದಲ್ಲೇ ಇದೆ. ನಮ್ಮ ನರಿ ಅವನ ಕುಂಟುನಡಿಗೆ ಅಣಕಿಸುತ್ತದೆ. ಇದು ನಾವು ಸೇರಿಸಿದ್ದು. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಖರ್ರ್, ಖರ್ರ್, ಒಂದು ಕುಂಟು ಹೆಜ್ಜೆ, ಮತ್ತೆ ಖರ್ರ್. ಆಮೇಲೆ ಬಾಯಿ ನಿಲ್ಲುತ್ತದೆ. ಹಪ್ಪಳ ಅರ್ಧ ಬಾಯಲ್ಲಿ, ಅರ್ಧ ಕೈಯಲ್ಲಿ. ಕಿವಿ ಹಿಂದಕ್ಕೆ. ಬಾಲ ಕಾಲ ನಡುವೆ. ಅಣಕಿಸುತ್ತಿದ್ದ ಕುಂಟು ಕಾಲನ್ನು ಮೆಲ್ಲಗೆ, ಯಾರಿಗೂ ಕಾಣದ ಹಾಗೆ, ನೆಟ್ಟಗೆ ಮಾಡಿಕೊಳ್ಳುತ್ತದೆ. ಅಷ್ಟೇ. ಲೈಟು ಬದಲಾಗುವುದಿಲ್ಲ, ಡೋಲು ಇಲ್ಲ. ಎಡಗಡೆಯ ಕತ್ತಲೆಯಿಂದ ಒಂದು ಗುರುಗುರು ಬರುತ್ತದೆ. ಅಡುಗೆಮನೆಯ ಒಂದು ಪಾತ್ರೆ, ಒಂದು ದಾರ. ಇದಕ್ಕಿಂತ ಜಾಸ್ತಿ ಹೇಳಲ್ಲ, ಬೇಕಿದ್ದರೆ ಬಂದು ನೋಡಿ. ಮೊದಲ ಪ್ರದರ್ಶನದಲ್ಲಿ ಎಡಗಡೆ ಕೂತಿದ್ದ ಚಿಕ್ಕ ಮಕ್ಕಳು ಚಾಪೆ ಸಮೇತ ಬಲಗಡೆಗೆ ಸರಿದರು. ರಜೆ ಕೊಡಿ ಎಂದಿದ್ದ ಹಿರಿಯರು ಮುಂದಿನ ಸಾಲಲ್ಲೇ ಇದ್ದರು. ಅವರು ಸರಿಯಲಿಲ್ಲ, ಆದರೆ ಎಡಗಡೆ ಒಮ್ಮೆ ನೋಡಿದರು. ನಾನು ಅವರನ್ನೇ ನೋಡುತ್ತಿದ್ದೆ.

ಹಪ್ಪಳದ್ದು ಬೇರೆಯೇ ಗೋಳು. ಒಂದು ಪ್ರದರ್ಶನಕ್ಕೆ ಆರು ಸಾಕು, ಆದರೆ 40 ಕರಿಯಬೇಕು. ಯಾಕೆ ಅಂತ 28 ಮಕ್ಕಳ ಶಿಬಿರ ಮಾಡಿಸಿದವರಿಗೆ ಗೊತ್ತು. ಒಮ್ಮೆ ತೋಳಗಳೇ ನರಿಯ ಪಾಲನ್ನು ತಿಂದು ಮುಗಿಸಿದ್ದವು. ಇನ್ನೊಮ್ಮೆ ಮಳೆಯ ತಂಪಿಗೆ ಮೆತ್ತಗಾಗಿ ಸದ್ದೇ ಬರಲಿಲ್ಲ. ಸದ್ದಿಲ್ಲದಿದ್ದರೆ ನಿಲ್ಲಿಸುವುದು ಏನನ್ನು? ಆ ದಿನ ಹುಲಿಯೂ ಬರಲಿಲ್ಲ. ಈಗ ಗಾಳಿಯಾಡದ ಡಬ್ಬಿಯಲ್ಲಿಟ್ಟು, ದೃಶ್ಯಕ್ಕೆ ಐದು ನಿಮಿಷ ಮೊದಲು ತೆಗೆಯುತ್ತೇವೆ. ಡಬ್ಬಿಯ ಬೀಗದ ಕೈ ನನ್ನ ಜೇಬಲ್ಲಿ.

ಪುಸ್ತಕದ ಇನ್ನೊಂದು ಮಾತು ನಮ್ಮವರಿಗೆ ಬರೆದ ಹಾಗಿದೆ. ತಬಾಕಿ ತೋಳದ ಮರಿಗಳನ್ನು ಎದುರಿಗೇ ಹೊಗಳುತ್ತದೆ, ಎಂಥ ಚಂದದ ಕಣ್ಣು ಅಂತ. ಮಕ್ಕಳನ್ನು ಎದುರಿಗೆ ಹೊಗಳಬಾರದು ಎಂದು ಅದಕ್ಕೆ ಚೆನ್ನಾಗಿ ಗೊತ್ತು. ಅಪ್ಪ ಅಮ್ಮ ಮುಜುಗರಪಡುವುದನ್ನು ನೋಡಿ ಅದಕ್ಕೆ ಖುಷಿ. ದೃಷ್ಟಿ ಅಂದರೆ ಏನು ಅಂತ ನಮಗೆ ಬಿಡಿಸಿ ಹೇಳಬೇಕಾ? ಎಲೆನೆಕ್ಕನನ್ನು ಪ್ರೇಕ್ಷಕರ ನಡುವೆ ಇಳಿಸಿದೆ. ಅವಳು ಮಡಿಲಲ್ಲಿದ್ದ ಕೂಸುಗಳ ಮುಂದೆ ಕುಕ್ಕರಗಾಲಲ್ಲಿ ಕೂತು "ಅಯ್ಯೋ, ಎಷ್ಟು ದುಂಡಗಿದೆ! ಕೆನ್ನೆ ನೋಡಿ, ಬೆಣ್ಣೆ!" ಅಂದಳು. ಒಬ್ಬರು ಅಜ್ಜಿ ತಕ್ಷಣ ಸೆರಗು ಮುಚ್ಚಿದರು. ಇನ್ನೊಬ್ಬರು ಥೂ ಥೂ ಅಂದು ನೆಟಿಕೆ ತೆಗೆದರು. ಇಡೀ ಅಂಗಳ ನಕ್ಕಿತು. ನಾನು ಬೀಗಿದೆ. ಮರುದಿನ ಒಂದು ಕೂಸಿಗೆ ಜ್ವರ. ತಾಯಿ ಶಿಬಿರದ ಬಾಗಿಲಿಗೇ ಬಂದರು. ಕ್ಷಮೆ ಕೇಳಿದೆ, ಇನ್ನೇನು ಮಾಡಲಿ. ಈಗ ಕೂಸುಗಳನ್ನು ಬಿಟ್ಟು ದೊಡ್ಡವರನ್ನು ಹೊಗಳಿಸುತ್ತೇನೆ. "ಶ್ಯಾನುಭೋಗರೇ, ಹೊಟ್ಟೆ ಎಷ್ಟು ಚಂದ ಬಂದಿದೆ!" ಅದೂ ನಡೆಯುತ್ತದೆ, ಆದರೆ ಮೊದಲಿನ ಖಾರ ಇಲ್ಲ.

ನಡುವೆ ಬೇಡದ ಪ್ರಯೋಗಗಳೂ ಆದವು. ತೋಳನಿಗೂ ನರಿಗೂ ತಾಳಮದ್ದಳೆ ಥರ, ಕೂತು ಮಾತಿನಲ್ಲೇ ವಾದಿಸುವ ಹಾಗೆ, ಅರ್ಥ ಹೇಳಿಸಿದೆ. ಮಕ್ಕಳು ರುಚಿ ಹತ್ತಿ 25 ನಿಮಿಷ ಎಳೆದರು. ಹಿಂದೆ ಕೂತ ಮುದುಕರು ತಲೆದೂಗಿದರು, ಮುಂದೆ ಕೂತ ಮಕ್ಕಳು ನಿದ್ದೆ ಹೋದರು. ತೆಗೆದೆ. ಇನ್ನೊಮ್ಮೆ ನಿಜವಾದ ನರಿ ಊಳಿಡುವ ಸದ್ದನ್ನು ಮೊಬೈಲಿನಿಂದ ಸ್ಪೀಕರಿಗೆ ಹಾಕಿಸಿದೆ. ಊರಿನ ಅಷ್ಟೂ ನಾಯಿಗಳು ಶುರು ಮಾಡಿದವು. ಹತ್ತು ನಿಮಿಷ ನಾಟಕ ನಿಂತಿತು. ಸ್ಪೀಕರ್ ಬಾಡಿಗೆ 900 ರೂಪಾಯಿ, ನೀರಿಗೆ ಹಾಕಿದ ಹಾಗೆ.

ಬಾಲದ ಕಥೆ ಮಾತ್ರ ಲಾಭವಾಯಿತು. ಬಾಲವನ್ನು ಅಡಿಕೆ ಸಿಪ್ಪೆಯ ನಾರಿನಲ್ಲಿ ಹೆಣೆದಿದ್ದೆವು. ಮೋಗ್ಲಿ ಹಿಡಿದು ಬೀಸುವಾಗ, ಎರಡನೇ ಪ್ರದರ್ಶನದಲ್ಲಿ, ಅದು ಬುಡದಿಂದ ಕಿತ್ತು ಬಂತು. ಮೋಗ್ಲಿ ಗಾಬರಿಯಿಂದ ನಿಂತ. ನರಿ ಹಿಂದೆ ಮುಟ್ಟಿ ನೋಡಿಕೊಂಡಿತು. ಆಮೇಲೆ ಬಹಳ ಮರ್ಯಾದೆಯಿಂದ ಕೈ ಚಾಚಿ ತನ್ನ ಬಾಲವನ್ನು ವಾಪಸ್ ಇಸಿದುಕೊಂಡು, ಕಂಕುಳಲ್ಲಿ ಇಟ್ಟುಕೊಂಡು, ಬಘೀರನಿಗೂ ನಮಸ್ಕಾರ ಮಾಡಿ ಹೋಯಿತು. ನಾನು ಹೇಳಿಕೊಟ್ಟಿದ್ದಲ್ಲ. ಈಗ ಬಾಲವನ್ನು ಕೀಳುವ ಹಾಗೇ ಹೊಲಿಯುತ್ತೇವೆ.

ಸಾವಿನ ದೃಶ್ಯಕ್ಕೆ ಜಗಳವೇ ಆಯಿತು. ಗೆಳೆಯರೊಬ್ಬರು, ಅವರೂ ಶಿಬಿರ ಮಾಡಿಸುವವರು, ವಿಲನ್ ಸತ್ತಿದ್ದನ್ನು ತೋರಿಸಬೇಕು, ಮಕ್ಕಳು ಚಪ್ಪಾಳೆ ಹೊಡೀತಾರೆ ಅಂದರು. ಪುಸ್ತಕದಲ್ಲಿ ಬೂದು ತೋಳ ಹೇಳುವುದು ಇಷ್ಟೇ: ಅದು ಈಗ ತನ್ನ ಬುದ್ಧಿಯನ್ನೆಲ್ಲ ಹದ್ದುಗಳಿಗೆ ಹೇಳುತ್ತಿದೆ. ನಾವು ಅಷ್ಟನ್ನೇ ಮಾಡಿದೆವು. ಮುಖವಾಡವನ್ನು ಒಂದು ಗಳುವಿಗೆ ಸಿಕ್ಕಿಸಿ, ಕೆಳಗೆ ಖಾಲಿ ತಟ್ಟೆ ಇಟ್ಟು, ಹದ್ದಿನ ವೇಷದ ಇಬ್ಬರು ಸುಮ್ಮನೆ ಒಂದು ಸುತ್ತು ಬಂದು ಹೋಗುತ್ತಾರೆ. ಯಾರೂ ಚಪ್ಪಾಳೆ ಹೊಡೆಯಲಿಲ್ಲ. "ಹಪ್ಪಳ ಉಳಿದಿತ್ತಲ್ಲ" ಅಂತ ಒಂದು ಕೂಸಿನ ದನಿ ಕೇಳಿತು.

ಲೆಕ್ಕ ಹೇಳಿಬಿಡುತ್ತೇನೆ. ಮುಖವಾಡಗಳಿಗೆ ದಾರ, ದಬ್ಬಣ, ಎಲಾಸ್ಟಿಕ್ಕು ಸೇರಿ ನಾನೂರು ಚಿಲ್ಲರೆ. ಹಪ್ಪಳ, ಎಣ್ಣೆ ಸುಮಾರು 600. ಲೈಟು ಎರಡು ಸಾವಿರ. ಜೀಪು, ಊಟ, ಚಪ್ಪರ ಎಲ್ಲ ಹಿಡಿದರೂ ಮೊದಲ ಪ್ರದರ್ಶನ ಒಂಬತ್ತು ಸಾವಿರದೊಳಗೆ ಮುಗಿಯಿತು. ಬಿದಿರಿನ ಹುಲಿಯ ವರ್ಷ 17 ಸಾವಿರ ದಾಟಿತ್ತು. ಹೋದ 5,000ದ ಬದಲಿಗೆ ಏನು ಮಾಡುವುದು ಎಂದು ಯೋಚಿಸುತ್ತಿದ್ದಾಗ ಆ ಹುಡುಗಿಯೇ ಉಪಾಯ ಹೇಳಿದಳು. ನಾಟಕ ಮುಗಿದ ಮೇಲೆ ಮುಖವಾಡ ಹಾಕಿಕೊಂಡು, ಬಾಲ ಕಂಕುಳಲ್ಲಿಟ್ಟುಕೊಂಡು, ಅದೇ ತಟ್ಟೆ ಹಿಡಿದು ಜನರ ನಡುವೆ ಹೊರಟಳು. ಬೇಡುವುದೇ ಅವಳ ಪಾರ್ಟು, ನಾಚಿಕೆ ಎಲ್ಲಿಂದ ಬರಬೇಕು? 6,300ರ ಹತ್ತಿರ ಬಿತ್ತು. ರಾತ್ರಿ ಜಗಲಿಯಲ್ಲಿ ಕೂತು ಎಣಿಸುವಾಗ ನೋಟುಗಳ ಕೆಳಗೆ ಒಂದು ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ಹರಳುಪ್ಪು, ಮೂರು ಒಣಮೆಣಸು. ಸೆರಗು ಮುಚ್ಚಿದ್ದ ಅಜ್ಜಿಯದೇ ಇರಬೇಕು. ದೃಷ್ಟಿ ನಮಗೆ ತೆಗೆಯಲಿಕ್ಕೋ, ನಮ್ಮ ದೃಷ್ಟಿ ತೆಗೆದು ಎಸೆದಿದ್ದೋ ಗೊತ್ತಾಗಲಿಲ್ಲ. ಅಡುಗೆಯವರು ಒಲೆಗೆ ಹಾಕಿದರು. ಘಾಟು ಬರಲಿಲ್ಲ ಎಂದು ಅವರು, ಬಂತು ಎಂದು ಹುಡುಗಿ. ನಾನು ಚಿಲ್ಲರೆ ಎಣಿಸುತ್ತಿದ್ದೆ.